ಹೊಟ್ಟೆ ಯಾರದ್ದು?

2012ರ ದೀಪಾವಳಿ. ಬಿಇ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು. ಹಬ್ಬಕ್ಕೆ ಅಂಕೋಲಾ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ಬಲಿಪಾಡ್ಯದ ಮಾರನೇ ದಿನ. ದನಗಳ ಕೊರಳಿಗೆ ಕಟ್ಟಿದ್ದ ಹಾರ ಇನ್ನೂ ಬಾಡಿರಲಿಲ್ಲ. ಟಿವಿಯಲ್ಲಿ ಒಂದು ಸುದ್ದಿ ಮತ್ತೆ ಮತ್ತೆ ಬರ್ತಾ ಇತ್ತು. ಬೆಳಗಾವಿಯ ಹುಡುಗಿ, ಐರ್ಲೆಂಡಿನಲ್ಲಿ ಡೆಂಟಿಸ್ಟ್, ವಯಸ್ಸು 31. ಹೆಸರು ಸವಿತಾ ಹಾಲಪ್ಪನವರ್. ಗರ್ಭಪಾತ ಮಾಡಿ ಅಂತ ಕೇಳಿಕೊಂಡರೂ ಆಸ್ಪತ್ರೆಯವರು ಮಾಡಲಿಲ್ಲ, ಆಕೆ ಸತ್ತುಹೋದಳು.

ಜಗಲಿಯಲ್ಲಿ ಮನೆಮಂದಿಯೆಲ್ಲ ಇದ್ದರು. ದೊಡ್ಡಾಯಿ, ದೊಡ್ಡಾಯಿಯ ಮಗಳು, ಅಂದ್ರೆ ನನ್ನ ಅಕ್ಕ, ಹೊಸದಾಗಿ ಮದುವೆಯಾಗಿದ್ದ ಭಾವ. ನಾನು ಆಗಷ್ಟೇ ಸಂಬಳ ನೋಡಿದ ಹುಡುಗ, ಮಾತು ಸ್ವಲ್ಪ ಜೋರು. "ಹೊಟ್ಟೆ ಅವಳದ್ದು, ಜೀವ ಅವಳದ್ದು. ತೀರ್ಮಾನ ಮಾಡೋಕೆ ಇವರ್ಯಾರು?" ಅಂದೆ. ಎಲ್ಲರೂ ಹೌದೌದು ಅಂದರು. ಅಕ್ಕ ಏನೂ ಹೇಳಲಿಲ್ಲ, ಆದ್ರೆ ಕೇಳಿಸಿಕೊಂಡಿದ್ದಳು.

ಹನ್ನೊಂದು ವರ್ಷ ಆದಮೇಲೆ, 2023ರ ನವೆಂಬರ್‌ನಲ್ಲಿ, ಅವಳು ಕಾರವಾರದಿಂದ ಫೋನ್ ಮಾಡಿದಳು. ಎರಡು ಹೆಣ್ಣುಮಕ್ಕಳು. ಮತ್ತೆ ಮೂರನೇ ತಿಂಗಳು.

"ತಮಾ, ಒಂದು ಕೇಳ್ತೆ, ಸಿಟ್ಟು ಮಾಡ್ಬೇಡ. ಬೆಂಗಳೂರಲ್ಲಿ ನಿಂಗೆ ಗುರ್ತಿನ ಡಾಕ್ಟ್ರು ಯಾರಾದ್ರೂ ಇದ್ರೆ... ಯಾವ್ದು ಅಂತ ನೋಡಿ ಹೇಳೋರು."

ಸಿಟ್ಟು ಬಂತು. ಅದು ಅಪರಾಧ ಅಂದೆ, ಜೈಲಾಗತ್ತೆ ಅಂದೆ, ನಿನಗೇ ಎರಡು ಹೆಣ್ಣುಮಕ್ಕಳಿದ್ದಾವೆ ನಾಚಿಕೆ ಆಗಲ್ವಾ ಅಂತಾನೂ ಅಂದುಬಿಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡು, ದನಿ ಏರಿಸದೆ ಅಂದಳು: "ಆವತ್ತು ಟಿವಿ ಮುಂದೆ ನೀನೇ ಹೇಳಿದ್ಯಲ್ಲ, ಹೊಟ್ಟೆ ಅವಳದ್ದು ಅಂತ. ಹಂಗಾರೆ ನನ್ನ ಹೊಟ್ಟೆ ಯಾರದ್ದೋ?"

ಫೋನ್ ಇಟ್ಟಮೇಲೆ ನನಗೆ ಹೊಳೆದದ್ದು ಇಷ್ಟು: ಅವಳ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ನಾನು ವಕೀಲನಲ್ಲ, ಡಾಕ್ಟರೂ ಅಲ್ಲ. ಆದ್ರೆ ಒಂದು ಬಗ್ ಸಿಕ್ಕರೆ ಅದು ಕೋಡಿನಲ್ಲಿ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗೋದು ನಮ್ಮ ಕಸುಬು. ಹಾಗೇ ಹಿಂದಕ್ಕೆ ಹೋದೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ, ಗೊತ್ತಲ್ಲ. 1880ರ ದಶಕದ ಆರಂಭದಲ್ಲಿ ಅವರು ಇಲ್ಲಿಗೆ ಬಂದದ್ದು ಅಣ್ಣ ಸತ್ಯೇಂದ್ರನಾಥರ ಮನೆಗೆ. ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯ ಅವರು. ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ಇಲ್ಲಿ ಕೂತು ನಾಟಕ ಬರೆದದ್ದನ್ನ ನಾವು ಹೆಮ್ಮೆಯಿಂದ ಹೇಳ್ತೇವೆ. ಅಣ್ಣ ಕೂತಿದ್ದ ಕೋರ್ಟಿನಲ್ಲಿ ನಡೀತಾ ಇದ್ದ ಕಾನೂನು ಯಾವುದು ಅಂತ ಯಾರೂ ಕೇಳಲ್ಲ. ಅದು 1860ರ ಭಾರತೀಯ ದಂಡ ಸಂಹಿತೆ. ಜಾರಿಗೆ ಬಂದದ್ದು 1862ರ ಜನವರಿ 1ಕ್ಕೆ. ಅದೇ ವರ್ಷ ನಮ್ಮ ಉತ್ತರ ಕೆನರಾ ಜಿಲ್ಲೆಯನ್ನ ಮದ್ರಾಸಿನಿಂದ ಬಿಡಿಸಿ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದರು.

ಆ ಪುಸ್ತಕದಲ್ಲಿ ಭ್ರೂಣದ ಬಗ್ಗೆ ಏನಿತ್ತು? 299ನೇ ಸೆಕ್ಷನ್ನಿನ ಒಂದು ವಿವರಣೆ ಸ್ಪಷ್ಟವಾಗಿ ಹೇಳತ್ತೆ: ತಾಯಿಯ ಹೊಟ್ಟೆಯೊಳಗಿರುವ ಮಗುವಿನ ಸಾವು ನರಹತ್ಯೆ ಅಲ್ಲ. ಮಗುವಿನ ದೇಹದ ಯಾವುದಾದರೂ ಭಾಗ ಹೊರಗೆ ಬಂದಿದ್ದರೆ ಮಾತ್ರ ಲೆಕ್ಕ ಬೇರೆ. ಹಾಗಂತ ಗರ್ಭಪಾತಕ್ಕೆ ಶಿಕ್ಷೆ ಇರಲಿಲ್ಲ ಅಂತಲ್ಲ. 312ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು. ಹೊಟ್ಟೆಯಲ್ಲಿ ಮಗು ಮಿಸುಕಾಡುವ ಹಂತ ಬಂದಿದ್ದರೆ ಏಳು ವರ್ಷ. ತಾಯಿಯ ಜೀವ ಉಳಿಸೋಕೆ ಮಾಡಿದ್ದಾದರೆ ಮಾಫಿ. ಕೊಲೆ ಅಲ್ಲ, ಆದ್ರೆ ಏನೂ ಅಲ್ಲ ಅಂತಲೂ ಅಲ್ಲ.

ಈ ನಡುವಿನ ಜಾಗ ನಮ್ಮ ಬೇರೆ ಕಾನೂನುಗಳಲ್ಲೂ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಅಪ್ಪ ಸಾಯುವಾಗ ಹೊಟ್ಟೆಯಲ್ಲಿದ್ದ ಮಗುವಿಗೂ ಆಸ್ತಿಯಲ್ಲಿ ಪಾಲಿದೆ, ಆದ್ರೆ ಜೀವಂತ ಹುಟ್ಟಿದರೆ ಮಾತ್ರ. ನಮ್ಮಜ್ಜಿಯ ಲೆಕ್ಕವೂ ಹೀಗೇ ಇತ್ತು. "ಹೆತ್ತದ್ದು ಏಳು, ಇಳಿದದ್ದು ಎರಡು" ಅನ್ನುತ್ತಿದ್ದಳು. ಎರಡನ್ನ ಏಳಕ್ಕೆ ಕೂಡಿಸಿ ಒಂಬತ್ತು ಅನ್ನಲಿಲ್ಲ. ಮರೆತು ಏಳು ಅಂತ ಮಾತ್ರವೂ ಅನ್ನಲಿಲ್ಲ.

ಸೊನ್ನೆ ಅಥವಾ ಒಂದು ಅಂತ ಯೋಚಿಸೋ ನನ್ನಂಥವರಿಗೆ ಇದು ಗೊಂದಲ ಅನಿಸಬಹುದು. ಅದು ಮನುಷ್ಯ ಜೀವ ಆದ್ರೆ ಯಾವಾಗ ತೆಗೆದರೂ ಕೊಲೆ. ಅಲ್ಲದಿದ್ದರೆ ಯಾಕೆ ತೆಗೆದರೂ ತಪ್ಪಿಲ್ಲ. ಒಂದು ಕಡೆ ನಿಂತುಕೋ ಅಂತ. ಆದ್ರೆ ನನಗೀಗ ಅಜ್ಜಿಯ ಲೆಕ್ಕ ಗೊಂದಲ ಅನಿಸಲ್ಲ. ಬೆಳೀತಾ ಹೋಗುವ ಒಂದು ಜೀವಕ್ಕೆ ಬೆಳೀತಾ ಹೋಗುವ ತೂಕ ಕೊಡೋದು ಅಸಂಗತ ಅಲ್ಲ. ಅಸಂಗತ ಇರೋದು ಬೇರೆ ಕಡೆ, ಅದೇ 312ನೇ ಸೆಕ್ಷನ್ನಿನ ಕೊನೆಯ ಸಾಲಲ್ಲಿ: ತನ್ನ ಗರ್ಭವನ್ನ ತಾನೇ ಇಳಿಸಿಕೊಂಡ ಹೆಂಗಸೂ ಅಪರಾಧಿಯೇ. ಬಸಿರು ಮಾಡಿದ ಗಂಡಸಿನ ಬಗ್ಗೆ ಆ ಸೆಕ್ಷನ್ನಿನಲ್ಲಿ ಒಂದು ಮಾತೂ ಇಲ್ಲ.

ಇದರ ಅರ್ಥ ಏನು ಅಂತ ಆ ಕಾಲದ ವಿಧವೆಯರಿಗೆ ಗೊತ್ತಿತ್ತು. 1856ರಲ್ಲೇ ವಿಧವಾ ವಿವಾಹ ಕಾಯ್ದೆ ಬಂದಿತ್ತು, ಆದ್ರೆ ಮೇಲ್ಜಾತಿ ಮನೆಗಳಲ್ಲಿ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸೋದು ನಿಂತಿರಲಿಲ್ಲ. 1881ರಲ್ಲಿ, ನಮ್ಮದೇ ಬಾಂಬೆ ಪ್ರಾಂತ್ಯದ ಸೂರತ್‌ನಲ್ಲಿ, ವಿಜಯಲಕ್ಷ್ಮಿ ಎಂಬ ಬ್ರಾಹ್ಮಣ ವಿಧವೆಗೆ ಗಲ್ಲು ಶಿಕ್ಷೆ ಆಯ್ತು. ಅದು ಗರ್ಭಪಾತ ಅಲ್ಲ. ಹುಟ್ಟಿದ ಕೂಸನ್ನ ಅವಮಾನಕ್ಕೆ ಹೆದರಿ ಕೊಂದಿದ್ದಳು. ಮೇಲ್ಮನವಿಯಲ್ಲಿ ಶಿಕ್ಷೆ ಗಡೀಪಾರಿಗೆ ಇಳಿಯಿತು. ಪತ್ರಿಕೆಗಳು ಹೆಂಗಸರ ಶೀಲ ಕೆಟ್ಟಿತು ಅಂತ ಬರೆದವು. ಅದನ್ನ ಓದಿ ಉರಿದುಹೋದ ತಾರಾಬಾಯಿ ಶಿಂಧೆ 1882ರಲ್ಲಿ ಮರಾಠಿಯಲ್ಲಿ 'ಸ್ತ್ರೀ ಪುರುಷ ತುಲನಾ' ಪ್ರಕಟಿಸಿದರು. ಅದರ ಹೆಸರೇ ಹೇಳುವ ಹಾಗೆ ಅವರ ತಕರಾರು ಸರಳ: ಹೆಂಗಸಿಗೆ ಇಡೋ ತಕ್ಕಡಿಯನ್ನೇ ಗಂಡಸಿಗೂ ಇಡಿ. ಅದಕ್ಕೂ ಮುಂಚೆ, 1863ರಲ್ಲೇ, ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಬಸುರಿ ವಿಧವೆಯರು ಬಂದು ಹೆತ್ತು ಹೋಗಲಿ ಅಂತ ಒಂದು ಮನೆ ತೆರೆದಿದ್ದರು. ಹಾಗೆ ಹುಟ್ಟಿದ ಒಂದು ಗಂಡುಕೂಸನ್ನ ತಾವೇ ದತ್ತು ತಗೊಂಡರು. ಕೂಸು ಸಾಯಬಾರದು ಅಂತ ಹೇಳೋದಷ್ಟೇ ಅಲ್ಲ, ಅದಕ್ಕೆ ತಮ್ಮ ಮನೆಯಲ್ಲೇ ತೊಟ್ಟಿಲು ಕಟ್ಟಿದರು.

ಕನ್ನಡದಲ್ಲಿ ಈ ಕತೆ ಎಲ್ಲರಿಗೂ ಗೊತ್ತಿರೋದು 'ಘಟಶ್ರಾದ್ಧ'ದಿಂದ. ಅನಂತಮೂರ್ತಿಯವರ ಕತೆ, 1977ರಲ್ಲಿ ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ವಿಧವೆ ಯಮುನಾ ಬಸುರಾಗ್ತಾಳೆ. ಕಾರಣನಾದ ಮೇಷ್ಟ್ರು ಊರು ಬಿಡ್ತಾನೆ. ಬಸಿರು ತೆಗೆಸಿಕೊಂಡ ಯಮುನಾಗೆ ಬದುಕಿರುವಾಗಲೇ ಅಪ್ಪ ಶ್ರಾದ್ಧ ಮಾಡ್ತಾನೆ. ಕೊನೆಯಲ್ಲಿ ಆ ಅಪ್ಪನೇ ಚಿಕ್ಕ ಹುಡುಗಿಯೊಬ್ಬಳನ್ನ ಮದುವೆಯಾಗೋಕೆ ಹೊರಟಿರ್ತಾನೆ. ಕಾಲೇಜಿನಲ್ಲಿದ್ದಾಗ ನೋಡಿ, ಹಳೇ ಕಾಲದ ಮಡಿವಂತರ ಕತೆ ಅಂದುಕೊಂಡಿದ್ದೆ. ಆ ಅಪ್ಪನಿಗೆ ಭ್ರೂಣದ ಬಗ್ಗೆ ಒಂದು ಅಭಿಪ್ರಾಯ ಇತ್ತು ಅಂತ ನನಗೆ ಈಗ ಅನಿಸಲ್ಲ. ಅವನಿಗಿದ್ದದ್ದು ಮಗಳ ಬಗ್ಗೆ ಅಭಿಪ್ರಾಯ.

ಸ್ವಾತಂತ್ರ್ಯ ಬಂದಮೇಲೂ 312 ಹಾಗೇ ಇತ್ತು. ಹಳ್ಳಿಗಳಲ್ಲಿ ಕಡ್ಡಿ, ಬೇರು ಅಂತ ಕದ್ದುಮುಚ್ಚಿ ಗರ್ಭ ಇಳಿಸೋಕೆ ಹೋಗಿ ಹೆಂಗಸರು ನಂಜಾಗಿ ಸಾಯ್ತಾ ಇದ್ದರು. 1964ರಲ್ಲಿ ಕೇಂದ್ರ ಸರ್ಕಾರ ಮಹಾರಾಷ್ಟ್ರದ ಶಾಂತಿಲಾಲ್ ಶಾ ನೇತೃತ್ವದಲ್ಲಿ ಸಮಿತಿ ಮಾಡಿತು. 1966ರಲ್ಲಿ ವರದಿ, 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ, 1972ರ ಏಪ್ರಿಲ್ 1ರಿಂದ ಜಾರಿ. ಅಮೆರಿಕದ ರೋ ವರ್ಸಸ್ ವೇಡ್ ತೀರ್ಪಿಗಿಂತ ಮೊದಲು. ಇದನ್ನ ನಾವು ಹೆಮ್ಮೆಯಿಂದ ಹೇಳ್ತೇವೆ. ಆದ್ರೆ ಆ ಕಾಯ್ದೆ ಹೆಂಗಸಿಗೆ ಹಕ್ಕು ಕೊಡಲಿಲ್ಲ. ಡಾಕ್ಟರಿಗೆ ರಕ್ಷಣೆ ಕೊಟ್ಟಿತು. ಮೂಲ ಅಪರಾಧ ಪುಸ್ತಕದಲ್ಲೇ ಉಳಿಯಿತು. ಇಂತಿಂಥ ಕಾರಣಕ್ಕೆ, ಇಷ್ಟು ವಾರದೊಳಗೆ ಮಾಡಿದರೆ ಮಾತ್ರ ವಿನಾಯಿತಿ. ಇವತ್ತಿಗೂ ಹಾಗೇ. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 312 ಅಲ್ಲಿ 88 ಆಯ್ತು, ನಂಬರ್ ಬದಲಾಯಿತು ಅಷ್ಟೆ. ಆ ಕೊನೆಯ ಸಾಲೂ ಹಾಗೇ ಇದೆ.

ಇನ್ನೊಂದು ವಿಷಯ. ಗರ್ಭನಿರೋಧಕ ವಿಫಲವಾದರೆ ಗರ್ಭಪಾತ ಮಾಡಿಸಬಹುದು ಅಂತ 1971ರ ಕಾಯ್ದೆಯಲ್ಲಿತ್ತು, ಆದ್ರೆ 'ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ' ಅಂತ. ಮದುವೆಯಾಗದವಳ ಹೊಟ್ಟೆಯ ಭ್ರೂಣಕ್ಕೆ ಮಾತ್ರ ಹೆಚ್ಚು ಬೆಲೆಯಾ? ಇಲ್ಲವಲ್ಲ. 'ಮಹಿಳೆ ಅಥವಾ ಆಕೆಯ ಸಂಗಾತಿ' ಅಂತ ಬದಲಾಗೋಕೆ 50 ವರ್ಷ ಬೇಕಾಯ್ತು, 2021ರ ತಿದ್ದುಪಡಿವರೆಗೆ. 24 ವಾರದ ಮಿತಿ ಮದುವೆಯಾಗದವರಿಗೂ ಅನ್ವಯ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಸೆಪ್ಟೆಂಬರ್ 29ಕ್ಕೆ.

ಈಗ ಸವಿತಾ ಕತೆಗೆ ಬರೋಣ. ಐರ್ಲೆಂಡ್ ನಮಗೆ ಉಲ್ಟಾ. ಅಲ್ಲಿ 1983ರಲ್ಲಿ ಜನರೇ ಓಟು ಹಾಕಿ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದರು: ಹುಟ್ಟದ ಮಗುವಿಗೆ ತಾಯಿಯಷ್ಟೇ ಬದುಕುವ ಹಕ್ಕು. ಕೇಳೋಕೆ ತುಂಬ ಸುಸಂಗತ. ಆದ್ರೆ 1992ರಲ್ಲಿ ಅದೇ ಜನ ಇನ್ನೊಂದು ತಿದ್ದುಪಡಿಗೆ ಓಟು ಹಾಕಿದರು: ಗರ್ಭಪಾತಕ್ಕೆ ಅಂತ ಹೊರದೇಶಕ್ಕೆ ಹೋಗೋರನ್ನ ತಡೆಯೋ ಹಾಗಿಲ್ಲ. ನಮ್ಮ ನೆಲದಲ್ಲಿ ಅದು ಮಗುವಿನ ಹತ್ಯೆ, ಸಮುದ್ರ ದಾಟಿ ಇಂಗ್ಲೆಂಡಿನಲ್ಲಿ ಮಾಡಿಸಿದರೆ ನಾವು ನೋಡಲ್ಲ! ದುಡ್ಡು, ವೀಸಾ, ಸಮಯ ಇದ್ದೋರು ಹೋಗಿ ಬಂದರು. ಸವಿತಾಗೆ ಹೋಗೋಕೆ ಆಗಲಿಲ್ಲ. 2012ರ ಅಕ್ಟೋಬರ್ 21ಕ್ಕೆ 17 ವಾರದ ಬಸುರಿ ಬೆನ್ನುನೋವು ಅಂತ ಗಾಲ್ವೇ ಆಸ್ಪತ್ರೆ ಸೇರಿದಳು. ಮಗು ಉಳಿಯಲ್ಲ ಅಂತ ಡಾಕ್ಟರುಗಳಿಗೆ ಗೊತ್ತಾಗಿತ್ತು. ಆದರೂ ಭ್ರೂಣದ ಎದೆಬಡಿತ ಇದೆ, ಮುಟ್ಟೋ ಹಾಗಿಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಅಂತ ಒಬ್ಬ ನರ್ಸ್ ಅಂದದ್ದನ್ನ ನಂತರದ ವಿಚಾರಣೆಯಲ್ಲಿ ಆಕೆಯೇ ಒಪ್ಪಿಕೊಂಡರು. 24ನೇ ತಾರೀಕು ಎದೆಬಡಿತ ನಿಂತಿತು. ಅಷ್ಟರಲ್ಲಿ ಸವಿತಾಳ ಮೈಗೆ ನಂಜೇರಿತ್ತು. 28ಕ್ಕೆ ಹೋದಳು. ಇಬ್ಬರಿಗೂ ಸಮಾನ ಹಕ್ಕು ಅಂದ ಕಾನೂನಿನ ಕೆಳಗೆ ಇಬ್ಬರೂ ಉಳಿಯಲಿಲ್ಲ. 2018ರ ಮೇ 25ರಂದು ಐರ್ಲೆಂಡ್ ಶೇ 66.4 ಓಟಿನಿಂದ ಆ ತಿದ್ದುಪಡಿಯನ್ನ ತೆಗೆದುಹಾಕಿತು. ಗೋಡೆಗಳ ಮೇಲೆ ಇದ್ದದ್ದು ನಮ್ಮ ಬೆಳಗಾವಿ ಹುಡುಗಿಯ ಚಿತ್ರ.

ಐರ್ಲೆಂಡಿಗೆ ನಗೋ ಮುಂಚೆ ನಮ್ಮ ಜಿಲ್ಲೆ ನೋಡಿ. ಕಾರವಾರಕ್ಕೆ ಮೆಡಿಕಲ್ ಕಾಲೇಜು ಬಂದದ್ದು 2016ರಲ್ಲಿ. ಇವತ್ತಿಗೂ ಕಷ್ಟದ ಬಸಿರು ಅಂದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನ ಕರೆದೊಯ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ದೊಡ್ಡ ಆಸ್ಪತ್ರೆ ಕೊಡಿ ಅನ್ನೋ ಕೂಗು ಜೋರಾಯ್ತು. ಮಗುವಿನ ಅಂಗಾಂಗ ನೋಡೋ ಸ್ಕ್ಯಾನ್ ಮಾಡೋದೇ 18ರಿಂದ 20 ವಾರಕ್ಕೆ. 2021ರವರೆಗೆ ಕಾನೂನಿನ ಮಿತಿ 20 ವಾರ. ದೋಷ ಗೊತ್ತಾಗಿ, ದುಡ್ಡು ಹೊಂದಿಸಿ, ಘಟ್ಟ ಹತ್ತಿ ಹೋಗೋದರೊಳಗೆ ವಾರ ಮುಗೀತಿತ್ತು. ಹಕ್ಕು ಇತ್ತು, ಬಸ್ಸು ಸಿಗಬೇಕಿತ್ತು ಅಷ್ಟೆ. ಹೊಟ್ಟೆಯಲ್ಲಿರೋ ಜೀವ ಪವಿತ್ರ ಅನ್ನೋರು ಈ ಆಸ್ಪತ್ರೆಗೂ ಅಷ್ಟೇ ಜೋರಾಗಿ ಕೂಗಬೇಕು. ಕೂಗಿದರೆ ನಾನು ಅವರ ಮಾತು ನಂಬ್ತೇನೆ.

ಅಂಥ ಒಬ್ಬ ನನ್ನ ಗೆಳೆಯನೂ ಇದ್ದಾನೆ, ಕಾರವಾರದ ಕ್ಯಾಥೊಲಿಕ್ ಹುಡುಗ, ನನ್ನ ಹಾಗೇ ಸಾಫ್ಟ್‌ವೇರ್. ಗರ್ಭ ಕಟ್ಟಿದ ಕ್ಷಣದಿಂದ ಅದು ಮನುಷ್ಯ ಅಂತ ನಂಬ್ತಾನೆ. ಅವನಿಗೂ ಹೆಂಡತಿಗೂ ಎಂಟು ವರ್ಷ ಮಕ್ಕಳಾಗಲಿಲ್ಲ. ಐವಿಎಫ್ ಮಾಡಿಸಿ ಅಂತ ಎಲ್ಲರೂ ಹೇಳಿದೆವು. ಅಲ್ಲಿ ಉಳಿದ ಭ್ರೂಣಗಳನ್ನ ಎಸೀತಾರೆ, ನಾನು ಒಂದು ಕಡೆ ಕೊಲೆ ಅಂದು ಇನ್ನೊಂದು ಕಡೆ ಸೈನ್ ಮಾಡಲಾರೆ ಅಂದ. ಇಬ್ಬರೂ ಮಾತಾಡಿಕೊಂಡೇ ಬೇಡ ಅಂದರು. ಗಲ್ಲು ಶಿಕ್ಷೆಯನ್ನೂ ಅವನು ಒಪ್ಪಲ್ಲ. ಅವನ ನಂಬಿಕೆ ನನಗೆ ಒಪ್ಪಿಗೆ ಇಲ್ಲ, ಅದನ್ನ ಕಾನೂನು ಮಾಡಿದರೆ ಸವಿತಾಗಳು ಸಾಯ್ತಾರೆ. ಆದ್ರೆ ಅವನು ತನ್ನ ಮಾತಿಗೆ ತಾನೇ ಬೆಲೆ ತೆತ್ತ, ಬೇರೆಯವರಿಂದ ತೆರಿಸಲಿಲ್ಲ.

ಇನ್ನು ಅಕ್ಕ ಕೇಳಿದ್ದು. ಅವಳು ಫೋನ್ ಮಾಡಿದ ವಾರಗಳಲ್ಲೇ ಪೇಪರ್ ತುಂಬ ಮಂಡ್ಯದ ಸುದ್ದಿ. ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟು, ಹೆಣ್ಣು ಅಂತ ಗೊತ್ತಾದರೆ ಮೈಸೂರಿನಲ್ಲಿ ತೆಗೆಸೋ ಜಾಲ. ಮೂರು ವರ್ಷಗಳಲ್ಲಿ ಸುಮಾರು 900 ಅಂತ ಪೊಲೀಸರು ಹೇಳಿದರು. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ 927, 2011ರಲ್ಲಿ 919.

1994ರ ಲಿಂಗಪತ್ತೆ ನಿಷೇಧ ಕಾಯ್ದೆಯನ್ನ ಆಗ ಕೂತು ಓದಿದೆ. ಅದರಲ್ಲಿ ಎರಡು ಸಂಗತಿ ಕಂಡವು. ಒಂದು, ಭ್ರೂಣ ಮನುಷ್ಯನಾ ಅಲ್ವಾ ಅಂತ ಅದು ಕೇಳೋದೇ ಇಲ್ಲ. ಅದು ತಡೆಯೋದು ಗಂಡೋ ಹೆಣ್ಣೋ ಅಂತ ನೋಡಿ ಹೇಳೋದನ್ನ. ಈ ಬಸಿರೇ ನನಗೆ ಬೇಡ ಅನ್ನೋ ಹೆಂಗಸಿಗೆ 1971ರ ಕಾಯ್ದೆಯ ಬಾಗಿಲು ಹಾಗೇ ಇದೆ, ಪ್ರಾಯಕ್ಕೆ ಬಂದವಳಾದರೆ ಗಂಡನ ಸಹಿ ಕೂಡ ಬೇಡ. ಅಂದ್ರೆ ಸವಿತಾಳ ಪರ ನಿಂತವನು ಅಕ್ಕನಿಗೆ 'ಸ್ಕ್ಯಾನ್ ಬೇಡ' ಅನ್ನೋದರಲ್ಲಿ ತಪ್ಪಿಲ್ಲ. ಮಗು ಬೇಡ ಅನ್ನೋದು ಒಂದು, ಹೆಣ್ಣಾದರೆ ಬೇಡ ಅನ್ನೋದು ಇನ್ನೊಂದು. ಎರಡನೆಯದು ಆ ಭ್ರೂಣಕ್ಕಷ್ಟೇ ಹೇಳಿದ್ದಲ್ಲ, ಪಕ್ಕದಲ್ಲಿ ಹೋಮ್‌ವರ್ಕ್ ಮಾಡ್ತಿರೋ ಇಬ್ಬರು ಹುಡುಗಿಯರಿಗೂ ಹೇಳಿದ್ದು.

ಹಾಗಾದ್ರೆ ನಾನು ಗೆದ್ದೆ ಅಂದುಕೊಂಡೆ. ಎರಡನೆಯ ಸಂಗತಿ ಓದೋವರೆಗೆ.

24ನೇ ಸೆಕ್ಷನ್: ಇಂಥ ಪರೀಕ್ಷೆಗೆ ಬಂದ ಬಸುರಿಯನ್ನ ಗಂಡನೋ ಸಂಬಂಧಿಕರೋ ಒತ್ತಾಯ ಮಾಡಿದ್ದಾರೆ ಅಂತಲೇ ಕೋರ್ಟು ಮೊದಲು ಭಾವಿಸಬೇಕು, ಅಲ್ಲ ಅಂತ ಸಾಬೀತಾಗೋವರೆಗೆ. 1860ರ ಪುಸ್ತಕ ಹೆಂಗಸನ್ನ ಅಪರಾಧಿ ಅಂದಿತ್ತು. ಈ ಪುಸ್ತಕ ಮೊದಲು ಅವಳ ಹಿಂದೆ ಯಾರು ನಿಂತಿದ್ದಾರೆ ನೋಡು ಅನ್ನತ್ತೆ.

ನಾನು ನೋಡಿದ್ದೆನಾ? ಅಕ್ಕನಿಗೆ ಜೈಲು ಅಂದೆ, ನಾಚಿಕೆ ಅಂದೆ. ನಿನಗೆ ಏನು ಬೇಕು ಅಂತ ಕೇಳಲಿಲ್ಲ. ಈ ಮಗುವೇ ಬೇಡ ಅಂತಿದ್ದರೆ ಆಸ್ಪತ್ರೆಗೆ ನಾನು ಜೊತೆಗೆ ಬರ್ತೇನೆ ಅನ್ನಲಿಲ್ಲ. ಆ ಫೋನ್ ಯಾರ ಮಾತಿಗೆ ಮಾಡಿದ್ದು ಅಂತ ಕೇಳಲಿಲ್ಲ. ಭಾವನ ನಂಬರ್ ನನ್ನ ಮೊಬೈಲಿನಲ್ಲಿದೆ. ಹಬ್ಬದ ಮೆಸೇಜು, ಕ್ರಿಕೆಟ್ ಸ್ಕೋರು ಎಲ್ಲ ಕಳಿಸ್ತೇವೆ. ಅವನಿಗೆ ಒಂದು ಮಾತು ಹೇಳೋದು ಹೊಳೆಯಲೇ ಇಲ್ಲ. ದಂಡ ಸಂಹಿತೆ ಬರೆದವರ, ಪತ್ರಿಕೆಗಳ, ಯಮುನಾಳ ಅಪ್ಪನ ತಪ್ಪು ಹುಡುಕ್ತಾ ಹೋದವನು ಅದೇ ಸಾಲಿನ ಕೊನೆಯಲ್ಲಿ ನಿಂತಿದ್ದೆ.

2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳ 26 ವಾರದ ಗರ್ಭದ ಕೇಸು ನಡೀತು. ಮೊದಲು ಒಪ್ಪಿಗೆ ಕೊಟ್ಟ ಇಬ್ಬರು ನ್ಯಾಯಮೂರ್ತಿಗಳಲ್ಲಿ ಆಮೇಲೆ ಒಮ್ಮತ ಒಡೆಯಿತು. ಕರ್ನಾಟಕ ಹೈಕೋರ್ಟಿನಿಂದ ಹೋದ ಬಿ.ವಿ. ನಾಗರತ್ನ ಆ ಹೆಂಗಸಿನ ತೀರ್ಮಾನವನ್ನ ಗೌರವಿಸಬೇಕು ಅಂದರು. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು. 26 ವಾರದ ಪ್ರಶ್ನೆ ನಿಜವಾಗಿಯೂ ಕಷ್ಟದ್ದು, ಒಳ್ಳೆಯವರು ಎರಡೂ ಕಡೆ ನಿಲ್ಲಬಹುದು. ನನ್ನದು ಅಷ್ಟು ಕಷ್ಟದ ಪ್ರಶ್ನೆ ಆಗಿರಲಿಲ್ಲ. ಅವಳನ್ನ ಕೇಳಬೇಕಿತ್ತು, ಅಷ್ಟೆ.

ಒಂದು ತಿಂಗಳಾದಮೇಲೆ ಆಯಿ ಫೋನಿನಲ್ಲಿ, ಊರಿನ ಬೇರೆ ಸುದ್ದಿಗಳ ನಡುವೆ, "ಅವಳದ್ದು ಇಳಿದು ಹೋಯ್ತಂತೆ ಮಾರಾಯ" ಅಂದಳು. ಹೇಗೆ ಅಂತ ನಾನು ಕೇಳಲಿಲ್ಲ. ಆಯಿಯೂ ಹೇಳಲಿಲ್ಲ. ತಾನಾಗೇ ಇಳಿಯಿತೋ, ಬೇರೆ ಯಾರಾದರೂ 'ಗುರ್ತಿನ ಡಾಕ್ಟ್ರು' ಸಿಕ್ಕಿದರೋ, ಅಕ್ಕನಿಗೆ ಅದು ಸಮಾಧಾನವೋ ಸಂಕಟವೋ. ಅಜ್ಜಿ ಇದ್ದಿದ್ದರೆ ಎರಡು ಹೆತ್ತಳು, ಒಂದು ಇಳಿಯಿತು ಅಂತ ಲೆಕ್ಕ ಇಡುತ್ತಿದ್ದಳು.

ಅಕ್ಕ ಈಗಲೂ ನನ್ನ ಹತ್ರ ಚೆನ್ನಾಗೇ ಮಾತಾಡ್ತಾಳೆ. ಆ ವಿಷಯ ಮಾತ್ರ ಎತ್ತಲ್ಲ. ಈ ಸಲ ದೀಪಾವಳಿಗೆ ಎರಡು ದಿನ ಜಾಸ್ತಿ ರಜೆ ಹಾಕಿದ್ದೇನೆ. ಒಂದು ದಿನ ಅಕ್ಕನ ಹತ್ರ ಕೂತು ಕೇಳಿಸಿಕೊಳ್ಳೋಕೆ, ಅವಳು ಹೇಳಿದರೆ. ಇನ್ನೊಂದು ದಿನ ಭಾವನ ಜೊತೆ ಕಾರವಾರದ ಬೀಚಿಗೆ ಹೋಗಬೇಕು. ಅವನ ಹತ್ರ ಮಾತಾಡೋದಿದೆ.